ವಾಹನೋದ್ಯಾನ

ಬೆಳಿಗ್ಗೆ ಹಾಲು ತರಲು ಹೊರಟವನಿಗೆ ಬೀದಿಯ ತಿರುವಿನಲ್ಲಿ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಯಾರ ಮನೆಯಲ್ಲೋ ಮದುವೆ ಇರಬೇಕು, ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ಗೋಡೆಗಲ್ಲ, ರಸ್ತೆಗೆ. ಒಬ್ಬಾತ ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು, ಹಗ್ಗ ಹಿಡಿದು, ಕಾರು ನಿಲ್ಲಿಸಲು ಉದ್ದುದ್ದ ಚೌಕಗಳನ್ನು ಬರೆಯುತ್ತಿದ್ದ. ದಿನವೂ ಅಲ್ಲೇ ಕೂತು ಹೂ ಮಾರುವ ರತ್ನಮ್ಮ ಬುಟ್ಟಿ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ನಿಂತೇಬಿಟ್ಟೆ. ನಗು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಆ ಸುಣ್ಣದ ಚೌಕಗಳಿಗೂ ನನಗೂ ಹಳೆಯ ಸಂಬಂಧವಿದೆ. ಹೇಳಿಕೊಳ್ಳುವಂಥ ಸಂಬಂಧವಲ್ಲ. ಆದರೂ ಹೇಳುತ್ತೇನೆ, ಕೇಳಿ.

ಅರವತ್ತರ ದಶಕದ ಮೊದಲ ವರ್ಷಗಳು. ಬಂಗಾರಪೇಟೆಯ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಒಂದು ಬೀದಿ. ಮದ್ರಾಸಿನ ಕಡೆಯಿಂದ ಬಂದವರು ಇಳಿದು ಕೆ.ಜಿ.ಎಫ್. ರೈಲಿಗೆ ಕಾಯುವ ಹೊತ್ತಿನಲ್ಲಿ ಆ ಬೀದಿಯಲ್ಲೇ ಉಂಡು, ಕ್ಷೌರ ಮಾಡಿಸಿಕೊಂಡು, ಚಪ್ಪಲಿ ಹೊಲಿಸಿಕೊಂಡು ಹೋಗುತ್ತಿದ್ದರು. ಬೀದಿಯ ನಡುವೆ ಒಂದು ಹೊಂಗೆಮರ, ಅದರ ಬುಡದಲ್ಲಿ ಕುದುರೆಗಳಿಗೆ ಕಲ್ಲಿನ ನೀರತೊಟ್ಟಿ, ತೊಟ್ಟಿಯ ಸುತ್ತ ಜಟಕಾಗಳು. ಮರದ ನೆರಳು ಬೀಳುವ ಕಡೆಗೆ ಮುಂದಕ್ಕೆ ತಗಡಿಳಿಸಿದ ಒಂದು ಸಣ್ಣ ಅಂಗಡಿ. ಅದು ಮುನೆಕ್ಕನ ಮುದ್ದೆ ಹೋಟೆಲು. ಮುದ್ದೆ, ಹುರುಳಿ ಸಾರು, ಹಸಿ ಈರುಳ್ಳಿ. ಮೂರನ್ನು ಬಿಟ್ಟು ನಾಲ್ಕನೆಯದನ್ನು ಕೇಳಿದವನನ್ನು ಅವಳು ಮೇಲಿಂದ ಕೆಳಗೆ ನೋಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ಅಂಗಡಿ. ಅದು ಬಿಟ್ಟರೆ ಅವಳಿಗೆ ಬೇರೆ ಜೀವನವಿರಲಿಲ್ಲ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಗುಮಾಸ್ತ. ಯಾವುದಕ್ಕೆ ಎಂದಿರಾ? ಬೀದಿ ಸುಧಾರಣಾ ಸಮಿತಿಗೆ. ಊರಿನ ನಾಲ್ಕು ಜನ ದೊಡ್ಡವರು ಸೇರಿ ಕಟ್ಟಿಕೊಂಡ ಸಮಿತಿ ಅದು. ಸುಧಾರಣೆ ಬೇಕೆಂದು ಬೀದಿಯೇನೂ ಕೇಳಿರಲಿಲ್ಲ. ಅದರ ಅಧ್ಯಕ್ಷರು ಜವಳಿ ವ್ಯಾಪಾರಿಗಳು, ಒಂದು ಕರಿ ಕಾರಿನ ಒಡೆಯರು. ಮನೆಯಿಂದ ಸಮಿತಿಯ ಕೋಣೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಗೂ ಕಾರೇ ಆಗಬೇಕು. ಡ್ರೈವರು ಮುಂದೆ ಹ್ಯಾಂಡಲು ಹಾಕಿ ತಿರುಗಿಸಿ ಅದಕ್ಕೆ ಜೀವ ಬರಿಸುವ ಹೊತ್ತಿಗೆ ನಡೆದವರು ಎರಡು ಸಲ ಹೋಗಿ ಬರಬಹುದಿತ್ತು. ಊರಿನಲ್ಲಿದ್ದ ಇನ್ನೆರಡು ಕಾರುಗಳಲ್ಲಿ ಒಂದು ಡಾಕ್ಟರದು. ಇನ್ನೊಂದು ಅಕ್ಕಿ ಗಿರಣಿಯವರದು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಈ ಅಧ್ಯಕ್ಷರು ಒಮ್ಮೆ ಗಣಿಯ ಕಡೆ ಹೋಗಿದ್ದಾಗ ಅಲ್ಲಿನ ಸಾಹೇಬರ ಕ್ಲಬ್ಬಿನ ಮುಂದೆ ಸುಣ್ಣದ ಗೆರೆಗಳ ನಡುವೆ ಹನ್ನೆರಡು ಕಾರು ಸಾಲಾಗಿ ನಿಂತದ್ದನ್ನು ಕಂಡು ಬಂದರು. ಆ ಸಾಲನ್ನು ನಾನೂ ಕಂಡಿದ್ದೆ. ನಮ್ಮ ಸೋದರಮಾವ ಚಾಂಪಿಯನ್ ರೀಫ್ಸಿನಲ್ಲಿ ನೆಲದಡಿಯ ಕೆಲಸದಲ್ಲಿದ್ದರು. ಪಾಳಿ ಮುಗಿಸಿ, ಮೈತುಂಬ ದೂಳು ಹೊತ್ತು, ಆ ಕಾರುಗಳ ಪಕ್ಕದಲ್ಲೇ ನಡೆದು ಮನೆಗೆ ಬರುತ್ತಿದ್ದರು. ಅವರು ಒಂದು ದಿನವೂ ಅವುಗಳ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ನಮ್ಮ ಅಧ್ಯಕ್ಷರಿಗೆ ಮಾತ್ರ ಆ ನೋಟ ತಲೆಗೇರಿತು. ಹನ್ನೆರಡು ಕಾರು ನಮ್ಮ ಬೀದಿಯಲ್ಲೂ ನಿಲ್ಲಬೇಕು. ಕಾರೆಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು. "ಮೊದಲು ಜಾಗ ಮಾಡ್ರಯ್ಯ, ಕಾರು ತಾನಾಗೇ ಬರ್ತದೆ." ತೊಟ್ಟಿಲು ಕಟ್ಟಿದರೆ ಸಾಕು, ಮಗು ತಾನಾಗೇ ಹುಟ್ಟುತ್ತದೆ ಎನ್ನುವ ಲೆಕ್ಕಾಚಾರ. ಸಮಿತಿಯವರೆಲ್ಲ ತಲೆಯಾಡಿಸಿದರು. ಸಂಬಳದ ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ.

ನಿಯಮ ಹೀಗಿತ್ತು: ಆ ಬೀದಿಯ ಪ್ರತಿ ಅಂಗಡಿಯೂ ತನ್ನ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ ಬಿಟ್ಟುಕೊಡಬೇಕು. ಕ್ಷೌರದಂಗಡಿಗೂ ಒಂದು ಕಾರು, ಚಪ್ಪಲಿ ಹೊಲಿಯುವವನಿಗೂ ಒಂದು ಕಾರು. ಅಷ್ಟೇ ಅಲ್ಲ, ಕುದುರೆಗೆ ಲಾಳ ಕಟ್ಟುವವನಿಗೂ ಒಂದು ಕಾರು! ಲಾಳ ಕಟ್ಟಿಸಲು ಕುದುರೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವ ಮಹಾನುಭಾವ ಯಾರೆಂದು ಯಾರೂ ಕೇಳಲಿಲ್ಲ. ಅಂಗಡಿಗಳವರ ಒಪ್ಪಿಗೆ ಮಾತ್ರ ಬೇಕಿತ್ತು. ಅದಕ್ಕಾಗಿ ಅಧ್ಯಕ್ಷರು ಇಂಗ್ಲಿಷಿನಲ್ಲಿ ಬರೆಸಿದ್ದ ಕಾಗದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಗದದಲ್ಲಿ 'ಕಾರ್ ಪಾರ್ಕ್' ಎಂದಿತ್ತು. ನಮಗೆ ಗೊತ್ತಿದ್ದ ಪಾರ್ಕು ಒಂದೇ: ಗಿಡ, ಹೂವು, ಕೂರಲು ಕಲ್ಲುಬೆಂಚು. ಸಾಹೇಬರ ಬಂಗಲೆಗಳ ಕಡೆ ತಂತಿಬೇಲಿಯಾಚೆ ಅಂಥದ್ದೊಂದನ್ನು ನೋಡಿದ್ದೆವು, ಒಳಗೆ ಕಾಲಿಟ್ಟಿರಲಿಲ್ಲ. ಕಾರು ನಿಲ್ಲುವ ಜಾಗದ ಜೊತೆಗೆ, ಕಾರಿನಲ್ಲಿ ಬಂದವರು ಅಡ್ಡಾಡಲು ಒಂದು ತೋಟವನ್ನೂ ಮಾಡುತ್ತಾರೆ ಎಂದು ಅರ್ಥ ಮಾಡಿಕೊಂಡೆ. ಬರೀ ಅರ್ಥ ಮಾಡಿಕೊಂಡಿದ್ದರೆ ಕ್ಷಮಿಸಬಹುದಿತ್ತು. ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದ ಸೊಕ್ಕು ಬೇರೆ ಇತ್ತಲ್ಲ, ಸಂಧಿ ಮಾಡಿ, 'ವಾಹನೋದ್ಯಾನ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ. ಆ ಪದವನ್ನು ಹುಟ್ಟಿಸಿದ ದಿನ ನಾನು ನಡೆದ ಠೀವಿಯನ್ನು ನೀವು ನೋಡಬೇಕಿತ್ತು.

ಬೀದಿಗೆ ಹಬ್ಬವಾಯಿತು. ಪಾರ್ಕು ಬರ್ತದಂತೆ! ಕ್ಷೌರದವನು ಸಹಿ ಹಾಕಿದ, ಚಪ್ಪಲಿಯವನು ಹೆಬ್ಬೆಟ್ಟು ಒತ್ತಿದ. ಪಾರ್ಕಿಗೆ ಬಂದವರು ಉಣ್ಣದೆ ಹೋದಾರೆ, ಚೌರವಿಲ್ಲದೆ ಹೋದಾರೆ ಎಂದು ಎಲ್ಲರ ಆಸೆ. ಮುನೆಕ್ಕ ಒಬ್ಬಳು ಬಾಕಿ ಇದ್ದಳು.

ಆ ಹೊತ್ತಿಗೆ ನಕ್ಷೆ ಬಂತು. ಅಧ್ಯಕ್ಷರು ಮೇಜಿನ ಮೇಲೆ ಹರಡಿದರು. ಉದ್ದಕ್ಕೂ ಒಂದೇ ಅಳತೆಯ ಚೌಕಗಳು. ನಾನು ಮುತುವರ್ಜಿಯಿಂದ, "ಹೂವಿನ ಪಾತಿಗಳು ಚೆನ್ನಾಗಿವೆ ಸಾರ್" ಎಂದೆ.

ಅಧ್ಯಕ್ಷರು ನನ್ನನ್ನೇ ನೋಡಿದರು. "ಪಾತಿ ಅಲ್ಲ ಕಣಯ್ಯ, ಕಾರು ನಿಲ್ಲಿಸೋ ಜಾಗ. ಹೂವೆಲ್ಲಿಂದ ಬಂತು?"

ಉದ್ಯಾನ ಎಂದು ಬರೆದುಬಿಟ್ಟಿದ್ದೇನೆ, ತಿದ್ದುತ್ತೇನೆ ಎಂದು ತೊದಲಿದೆ. ಅವರು ನನ್ನ ಕನ್ನಡವನ್ನು ಮತ್ತೊಮ್ಮೆ ಓದಿ, ಹೊಟ್ಟೆ ಕುಣಿಸಿ ನಕ್ಕರು. "ತಿದ್ದಬೇಡ. ಚೆನ್ನಾಗಿದೆ. ಎಲ್ಲ ಸಹಿ ಹಾಕ್ತಾವ್ರಲ್ಲ, ಅದೇ ಇರಲಿ" ಎಂದರು. ನನ್ನದು ದಡ್ಡತನ. ಅವರದು ಏನೆಂದು ನೀವೇ ಹೆಸರಿಡಿ. ಆದರೆ ಅಂದಿನ ಮಧ್ಯಾಹ್ನದಿಂದ ನನ್ನದೂ ದಡ್ಡತನವಾಗಿ ಉಳಿಯಲಿಲ್ಲ.

ಏಕೆಂದರೆ ಅಂದು ಮಧ್ಯಾಹ್ನವೇ ನಾನು ಎಂದಿನಂತೆ ಮುನೆಕ್ಕನಲ್ಲಿ ಉಣ್ಣಲು ಕೂತೆ. ಅವಳು ಮುದ್ದೆಯ ನಡುವೆ ಗುಳಿ ಮಾಡಿ ಸಾರು ಬಿಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ರೈಟ್ರಪ್ಪಾ, ನೀನು ಓದ್ದೋನು, ನಿಜ ಏಳು. ನನ್ನ ಅಂಗ್ಡಿ ಇರಾದೇ ಅತ್ತಡಿ. ಮುಂದಿಂದೆಲ್ಲಾ ಬಿಟ್ಕೊಟ್ರೆ ಒಲೆಯೊಂದು ಉಳೀತದೆ. ಆದ್ರೂ ಪಾರ್ಕಾದ್ರೆ ಆಗ್ಲಿ, ಮರದ ಕೆಳ್ಗೆ ಕುಂಡ್ರುಸಿ ಇಕ್ತೀನಿ. ಪಾರ್ಕಂದ್ರೆ ಗಿಡ ಇರ್ತಾವಲ್ವಾ?"

ಬಾಯಲ್ಲಿ ಅವಳದೇ ಮುದ್ದೆ ಇತ್ತು. ನುಂಗಿ, "ಇರ್ತವೆ ಮುನೆಕ್ಕ" ಎಂದೆ.

ಅವಳು ಸೆರಗಿಗೆ ಕೈಯೊರೆಸಿಕೊಂಡು ಹೆಬ್ಬೆಟ್ಟು ಮುಂದೆ ಮಾಡಿದಳು. ಮಸಿ ಹಚ್ಚಿ ಒತ್ತಿಸಿಕೊಂಡವನೂ ನಾನೇ.

ಆಮೇಲೆ ಆದದ್ದು ಬೇಗ ಬೇಗ ಆಯಿತು. ಮುಂಭಾಗಗಳು ಉರುಳಿದವು. ಹೊಂಗೆಮರ ಮೂರು ಕಾರಿನ ಜಾಗ ತಿನ್ನುತ್ತದೆಂದು ಅದನ್ನೂ ಕಡಿದರು. ಅದರೊಂದಿಗೆ ನೀರತೊಟ್ಟಿಯೂ ಹೋಯಿತು. ಜಟಕಾಗಳನ್ನು ರೈಲ್ವೆ ಗೇಟಿನಾಚೆಗೆ ಅಟ್ಟಿದರು. ಜಟಕಾದ ಆರ್ಮುಗಂ ಗಣಿಯ ಕಡೆಯವನು, ಮೂರು ಭಾಷೆ ಕಲಸಿಯೇ ಮಾತಾಡುವವನು. ಹೋಗುವಾಗ ನನ್ನ ಮುಂದೆ ಗಾಡಿ ನಿಲ್ಲಿಸಿದ. "ಎನ್ನಾ ರೈಟರೇ, ದಿನಾ ಬರೋ ಕುದ್ರೆಗೆ ಎಡಂ ಇಲ್ಲ, ಬರ್ದೇ ಇರೋ ಕಾರ್ಗೆ ಇಷ್ಟು ಎಡಮ್ಮಾ?" ಅವನ 'ಎಡಂ' ಎಂದರೆ ಜಾಗ. ಇಡೀ ಸಮಿತಿಯಲ್ಲಿ ಯಾರೂ ಆಡಲಾರದ ಮಾತನ್ನು ಅವನು ಒಂದೇ ಉಸಿರಿಗೆ ಆಡಿ ಚಾವಟಿ ಬೀಸಿದ.

ಉದ್ಘಾಟನೆಯ ದಿನ ಹನ್ನೆರಡು ಚೌಕಗಳಿಗೆ ಹಸಿ ಸುಣ್ಣದ ಗೆರೆ ಎಳೆದು, ಟೇಪು ಕಟ್ಟಿದ್ದರು. ಮೊದಲನೆಯದರಲ್ಲಿ ಅಧ್ಯಕ್ಷರ ಕಾರು. ಎರಡನೆಯದರಲ್ಲಿ ಡಾಕ್ಟರದು, ಅದೂ ಯಾರಿಗೋ ಹೆರಿಗೆನೋವೆಂದು ಕರೆ ಬಂದು ಭಾಷಣದ ನಡುವೆಯೇ ಎದ್ದುಹೋಯಿತು. ಮೂರನೆಯದು ಖಾಲಿ ಕಾಣಬಾರದೆಂದು ಗಿರಣಿಯವರ ಕಾರನ್ನು ತರಿಸಿದರು. ಅದು ಓಡುವುದಿಲ್ಲವಲ್ಲ? ಗೇಟಿನಾಚೆಗೆ ಅಟ್ಟಿದ್ದ ಆರ್ಮುಗನನ್ನೇ ಕರೆಸಿ, ಅವನ ಕುದುರೆಗೆ ಹಗ್ಗ ಕಟ್ಟಿ, ಹಿಂದಿನಿಂದ ನಾಲ್ಕು ಜನ ತಳ್ಳಿ, ಕಾರನ್ನು ಚೌಕದೊಳಗೆ ತಂದು ನಿಲ್ಲಿಸಿದರು. ಕುದುರೆ ಎಳೆದು ತಂದ ಕಾರಿಗೆ ಅಧ್ಯಕ್ಷರು ಹೂಮಾಲೆ ಹಾಕಿದರು. ಕುದುರೆಯನ್ನು ಕೂಡಲೇ ಆಚೆಗೆ ಹೊಡೆದರು. ನಾವು ಚಪ್ಪಾಳೆ ತಟ್ಟಿದೆವು.

ಚಪ್ಪಾಳೆ ಮುಗಿಯುವ ಹೊತ್ತಿಗೆ ಮುನೆಕ್ಕ ಬಂದಳು. ಒಗೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದು ಹಳೆಯ ಎಣ್ಣೆಡಬ್ಬ, ಅದರ ತುಂಬ ಚೆಂಡುಹೂವಿನ ಸಸಿ. ಒಲೆಯ ಹಿಂದಿನ ಮೋಟು ಗೋಡೆಯ ಬುಡದಲ್ಲಿ ತಾನೇ ಬೀಜ ಹಾಕಿ ಎಬ್ಬಿಸಿದ್ದಳಂತೆ. ಸುಣ್ಣದ ಚೌಕಗಳನ್ನು ಒಂದು ಕಡೆಯಿಂದ ನೋಡುತ್ತಾ ಬಂದು ನನ್ನ ಮುಂದೆ ನಿಂತಳು.

"ರೈಟ್ರಪ್ಪಾ, ಯಾವ ಪಾತಿಯಾಗೆ ಊನ್ಲಿ?"

ಅಧ್ಯಕ್ಷರು ನಕ್ಕರು, ಅವರು ನಕ್ಕರೆಂದು ಸಮಿತಿ ನಕ್ಕಿತು. ಮುನೆಕ್ಕ ಅವರ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ನನಗೆ ಮೊದಲೇ ಗೊತ್ತಿತ್ತೆನ್ನುವುದೂ ಗೊತ್ತಾಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಡಬ್ಬವನ್ನು ನನ್ನ ಕಾಲ ಬಳಿ ಇಟ್ಟು ಹೊರಟುಹೋದಳು.

ಮಾರನೆಯ ದಿನದಿಂದ ಏಳನೆಯ ಚೌಕದಲ್ಲಿ ಅವಳ ಮುದ್ದೆಯ ಗಡಿಗೆ ಕೂತಿತು. ಬಿಸಿಲಲ್ಲೇ. ಕಾರುಗಳಂತೂ ಬರಲಿಲ್ಲ. ಖಾಲಿ ಚೌಕಗಳಲ್ಲಿ ಕತ್ತೆಗಳು ಮಲಗಿದ್ದವು, ಅದಕ್ಕೆ ಸಮಿತಿಯ ಆಕ್ಷೇಪಣೆ ಇರಲಿಲ್ಲ. ಏಳನೆಯದು ಮಾತ್ರ ಅಧ್ಯಕ್ಷರ ಕಣ್ಣು ಕುಕ್ಕಿತು. "ಅದು ಕಾರಿನ ಜಾಗ. ಎಬ್ಬಿಸಿ ಬಾ" ಎಂದರು. ಹೋದೆ. ಅಷ್ಟು ಮಾತ್ರಕ್ಕೆ ನನ್ನ ಕಾಲು ಚೆನ್ನಾಗಿ ನಡೆಯುತ್ತಿತ್ತು.

"ಕಾರು ಬಂದ್ರೆ ಎದ್ದೋಯ್ತೀನಿ ಕಣಪ್ಪಾ. ಬರೋಗಂಟ ಕೂತ್ಕಂಡ್ರೆ ಯಾರ್ ಗಂಟೋಯ್ತದೆ?"

"ಇಲ್ಲಿ ಕೂರಂಗಿಲ್ಲ ಮುನೆಕ್ಕ. ರೂಲ್ಸು."

"ಊಟ ಆಯ್ತಾ ನಿಂದು?" ಎಂದಳು.

ನಾನು ಇಲ್ಲವೆಂದೆ. ಬಾಯಿ ತಪ್ಪಿ ಬಂದ ನಿಜ ಅದು. ಅವಳು ತಟ್ಟೆಗೆ ಮುದ್ದೆ ಹಾಕಿ ಕೊಟ್ಟಳು. ನಾನು ಕಾರಿನ ಚೌಕದಲ್ಲಿ ಕೂತು ಉಂಡೆ. ಉಂಡ ಮೇಲೆ ಅವಳೇ ಎದ್ದು, ಗಡಿಗೆ ತೊಳೆದು, ಬೋರಲು ಹಾಕಿ ತಲೆಯ ಮೇಲಿಟ್ಟುಕೊಂಡಳು. ಕಾಮಸಮುದ್ರದ ಬಸ್ಸು ಹತ್ತಿದಳೆಂದು ಯಾರೋ ಹೇಳಿದರು, ಆ ಕಡೆ ಅವಳ ತಮ್ಮನ ಮನೆಯಿತ್ತು. ಮುಂದೆ ಎಷ್ಟೋ ಸಲ ಕೆಲಸದ ಮೇಲೆ ಕಾಮಸಮುದ್ರಕ್ಕೆ ಹೋಗಿದ್ದೇನೆ. ಒಮ್ಮೆಯೂ ಅವಳನ್ನು ಹುಡುಕಲಿಲ್ಲ. ಸಿಕ್ಕಿಬಿಟ್ಟರೆ ಎಂಬ ಹೆದರಿಕೆ. ಅಧ್ಯಕ್ಷರ ಬಗ್ಗೆ ನನಗೆ ಇಂದಿಗೂ ಅಸಹ್ಯವಿದೆ, ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಪಾಲಿನದೇ ಎಂದು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಹಾಲು ಹಿಡಿದು ವಾಪಸು ಬರುವಾಗ ರತ್ನಮ್ಮ ಕರೆದಳು. ಕೈಯಲ್ಲಿ ಒಂದು ಕಾಗದ. ಬೀದಿಯವರೆಲ್ಲ ಒಪ್ಪಿಗೆ ಹಾಕಬೇಕಂತೆ, ಅವಳೂ ಹಾಕಬೇಕಂತೆ.

"ತಾತಾ, ವಸಿ ಓದಿ ಏಳು. ಬೀದಿ ಚೆಂದ ಮಾಡ್ತಾರಂತೆ."

ಕನ್ನಡಕ ಹಾಕಿಕೊಂಡು ಓದಿದೆ. 'ಸುಂದರೀಕರಣ' ಎಂದು ಬರೆದಿತ್ತು. ನನ್ನಂಥವನೇ ಯಾವನೋ ಹುಟ್ಟಿಸಿ ಎರಡು ಗೆರೆ ಎಳೆದಿದ್ದ.

"ಇದು ಕಾರು ನಿಲ್ಲಿಸೋ ಜಾಗ ತಾಯಿ. ಗಿಡ ಇರೋದಿಲ್ಲ" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಗಿಡ ಯಾರ್ ಕೇಳಿದ್ರು ತಾತಾ? ನಾನು ಕೂತ್ಕಳಾಕೆ ಜಾಗ ಇರ್ತದಾ ಅಂತ."

"ಇರೋದಿಲ್ಲ."

"ಅಂಗಾರೆ ನಾನ್ಯಾಕೆ ಸೈನ್ ಆಕ್ಲಿ?" ಎಂದು ಕಾಗದ ಕಿತ್ತುಕೊಂಡು, ಮಡಿಸಿ ಹೂವಿನ ಬುಟ್ಟಿಯ ಅಡಿಗೆ ಹಾಕಿ, ಇನ್ನೂ ಒಣಗದ ಸುಣ್ಣದ ಗೆರೆಯ ಮೇಲೇ ಬುಟ್ಟಿಯಿಟ್ಟು ಕೂತಳು.

ಇಷ್ಟೇ ಆಗಬೇಕಿದ್ದದ್ದು. ಅಂದು ಬಾಯಲ್ಲಿದ್ದ ಮುದ್ದೆ ನುಂಗಿ ನಾನು ಒಂದು 'ಇಲ್ಲ' ಹೇಳಿದ್ದರೆ ಸಾಕಿತ್ತು, ಮಿಕ್ಕದ್ದನ್ನು ಮುನೆಕ್ಕ ನೋಡಿಕೊಳ್ಳುತ್ತಿದ್ದಳು.