ಕೆಳಮನೆಯವರು ತೆಗೆದ ಬೀಗ

ಮನೆಯ ಹಳೆಯ ಕಂಪ್ಯೂಟರು ಕೆಟ್ಟಾಗ ನನಗೇನೂ ಚಿಂತೆಯಾಗಲಿಲ್ಲ. ಚೆನ್ನೈನ ಗಿಂಡಿ ಬಡಾವಣೆಯ ವಿಮಾ ಕಚೇರಿಯಲ್ಲಿ ನಾನಿದ್ದ ವಿಭಾಗದಲ್ಲಿ ಕಂಪ್ಯೂಟರ್ ಕಲಿತ ಮೊದಲಿಗ ನಾನೇ. ನಿವೃತ್ತನಾದ ಮೇಲೂ ಮನೆಯಲ್ಲಿ ಅದು ನನ್ನ ಇಲಾಖೆ. ಅಂಗಡಿಯವನು ಹಳೆಯದರ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಪುಟ್ಟ ಡಬ್ಬಿಯಲ್ಲಿ ಕೂರಿಸಿ ಕೊಟ್ಟ. ಹೊಸ ಕಂಪ್ಯೂಟರಿಗೆ ಅದರ ವೈರು ಚುಚ್ಚಿದರೆ ಫೈಲುಗಳೆಲ್ಲ ಸಿಗುತ್ತವೆ ಎಂದ. ಚುಚ್ಚಿದೆ. ನನ್ನ ಹೆಂಡತಿಯ ಹೆಸರಿನ ಫೋಲ್ಡರು ಕಾಣಿಸಿತು. ಒತ್ತಿದರೆ, ಇದನ್ನು ತೆರೆಯಲು ನಿಮಗೆ ಅನುಮತಿಯಿಲ್ಲ ಎಂದಿತು.

ಅದರಲ್ಲಿ ಅವಳ ಪಾಠಗಳಿದ್ದವು. ಚೆನ್ನೈನ ಕನ್ನಡ ಮನೆಗಳ ಮಕ್ಕಳಿಗೆ ಶನಿವಾರಗಳಂದು ಅವಳು ಆನ್‌ಲೈನಿನಲ್ಲಿ ಅಕ್ಷರ ಕಲಿಸುತ್ತಾಳೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಕ್ಕಳು. ಅವು ತಡವರಿಸಿಕೊಂಡು ಓದಿದ್ದನ್ನೆಲ್ಲ ಅವಳು ಧ್ವನಿಮುದ್ರಿಸಿ ಇಟ್ಟುಕೊಂಡಿದ್ದಳು. ಎಲ್ಲ ಸಿಗುತ್ತದೆ ತಾನೇ ಎಂದು ಕೇಳಿದಳು. ನಾನು ನೋಡಿಕೊಳ್ಳುತ್ತೇನೆ, ಸುಮ್ಮನಿರು ಎಂದೆ.

ಕೆಲವು ದಿನ ನೋಡಿಕೊಂಡೆ. ಮುಂದುವರಿಸಿ ಎಂಬ ಗುಂಡಿ ಒತ್ತಿದರೆ ಮೇಲುಗಡೆ ಹಸಿರು ಪಟ್ಟಿ ತೆವಳಿಕೊಂಡು ಸಾಗಿ, ಕೊನೆಗೆ ಮತ್ತೆ ಅದೇ ನಿರಾಕರಣೆ. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಕೆಳಗೆ ಮಾತ್ರ ಎಲ್ಲರದೂ ಒಂದೇ ಎಚ್ಚರಿಕೆ: ತಪ್ಪಿದರೆ ಯಂತ್ರವೇ ಏಳದಿರಬಹುದು. ನನಗೆ ಭಯವಾಯಿತು. ಭಯ ಎನ್ನಲು ಮನಸ್ಸು ಬಾರದೆ, ಡಿಸ್ಕೇ ಹೋಗಿರಬೇಕು ಎಂದುಬಿಟ್ಟೆ.

ಅವಳು ಇದನ್ನು ಲಿಫ್ಟಿನಲ್ಲಿ ಕೆಳಮನೆಯವರಿಗೆ ಹೇಳಿದಳು. ಮಣಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು ಅವರು. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ. ಮನೆಮಾತು ಕನ್ನಡವೇ ಆದರೂ ಅದರಲ್ಲಿ ತಮಿಳು ಧಾರಾಳ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ನಮ್ಮ ಮನೆಯಲ್ಲಿ ಮೊದಲ ಡಿಕಾಕ್ಷನ್ ನನ್ನದು. ಅವತ್ತು ಅದು ಅವರ ಲೋಟಕ್ಕೆ ಹೋಯಿತು. ಫಿಲ್ಟರಿಗೆ ಎರಡನೆಯ ಸಲ ನೀರು ಹಾಕಿ ಇಳಿಸಿದ್ದು ನನಗೆ ಬಂತು. ಒಂದೇ ಗುಟುಕಿನಲ್ಲಿ ಗೊತ್ತಾಯಿತು. ಲೋಟ ಹಿಡಿದುಕೊಂಡು ಬಾಗಿಲ ಬಳಿ ನಿಂತೆ.

ಅವರು ಮೌಸ್ ಮುಟ್ಟಲಿಲ್ಲ. ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ತಾವು ಪಕ್ಕಕ್ಕೆ ಕೂತರು.

"ಭಯಪಡಬೇಡಿ ಮೇಡಂ, ಒಳಗಿರೋದೆಲ್ಲಾ ಭದ್ರವಾ ಇದೆ. ಪೂಟು ಮಾತ್ರ ಬಿದ್ದಿದೆ," ಎಂದರು. ಪೂಟು ಎಂದರೆ ಅವರ ಮನೆಮಾತಿನಲ್ಲಿ ಬೀಗ.

"ಹೆಸರು ನಂದೇ ಇದೆಯಲ್ಲ ಸಾರ್?"

"ಪೇರು ನಿಮ್ಮದೇ. ಆದ್ರೆ ಕಂಪ್ಯೂಟರು ಪೇರು ನೋಡಲ್ಲ. ಒಂದೊಂದು ಆಳಿಗೂ ಉದ್ದಕ್ಕೆ ಒಂದು ನಂಬರ್ ಕೊಡತ್ತೆ. ಹಳೇ ಮಿಷಿನ್ ಕೊಟ್ಟ ನಂಬರ್ ಬೇರೆ, ಇದು ಕೊಟ್ಟಿರೋದು ಬೇರೆ. ಇದರ ಲೆಕ್ಕಕ್ಕೆ ನೀವು ಬೇರೆ ಆಳು."

ಅವಳು ನಕ್ಕಳು. ನಾನು ಹೇಳಿದ ಯಾವ ಮಾತಿಗೂ ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಅವರು ಹೇಳುತ್ತ ಹೋದರು, ಅವಳು ಒತ್ತುತ್ತ ಹೋದಳು. ಮೌಸಿನ ಬಲಗುಂಡಿ, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಓನರ್ ಎಂದಿದ್ದಲ್ಲಿ ನಿಜಕ್ಕೂ ಹೆಸರಿರಲಿಲ್ಲ, ಉದ್ದನೆಯ ಸಂಖ್ಯೆಯೊಂದಿತ್ತು. ಅದನ್ನು ಬದಲಿಸಿ ಅವಳು ತನ್ನ ಹೆಸರು ಬರೆದಳು. ಒಳಗಿನ ಫೋಲ್ಡರುಗಳಿಗೂ ಇದೇ ಓನರ್ ಎನ್ನುವ ಚೌಕಕ್ಕೆ ಗುರುತು ಹಾಕಿದಳು. ಫೈಲುಗಳ ಹೆಸರುಗಳು ಸರಸರನೆ ಓಡಿದವು. ಆ ಕಿಟಕಿ ಮುಚ್ಚಿ, ಮತ್ತೆ ತೆರೆದು, ತನಗೆ ಪೂರ್ತಿ ಅನುಮತಿ ಕೊಟ್ಟುಕೊಂಡಳು. ಫೋಲ್ಡರು ತೆರೆಯಿತು. ಒಂದು ಧ್ವನಿಮುದ್ರಿಕೆ ಹಾಕಿದಳು. ಪುಟ್ಟ ಹುಡುಗಿಯೊಬ್ಬಳು ಅಳಿಲಿನ ಪಾಠ ಓದುತ್ತಿದ್ದಳು.

ಹುಮ್ಮಸ್ಸಿನಲ್ಲಿ ಅವಳು ಹೊಸ ಕಂಪ್ಯೂಟರಿನಲ್ಲೇ ಬೀಗ ಬಿದ್ದಿದ್ದ ಇನ್ನೊಂದು ಫೋಲ್ಡರನ್ನು ತೋರಿಸಿ, ಇದನ್ನೂ ತೆಗೆಯಲೇ ಎಂದು ಕೇಳಿದಳು. ಅದು ವಿಂಡೋಸಿನದೇ ಫೋಲ್ಡರು, ಅದನ್ನು ಯಂತ್ರ ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ, ನಾವು ಕಿತ್ತುಕೊಂಡರೆ ಎಲ್ಲ ಕೆಡುತ್ತದೆ ಎಂದು ಅವರು ವಿವರಿಸಿದರು. ನಾನಾಗಿದ್ದರೆ ಬರೀ 'ಮುಟ್ಟಬೇಡ' ಎಂದಿರುತ್ತಿದ್ದೆ.

ಆ ವಾರವೆಲ್ಲ ಊಟಕ್ಕೆ ಕೂತಾಗ ಅವರದೇ ಮಾತು. ಎಷ್ಟು ನಿಧಾನವಾಗಿ ಹೇಳಿಕೊಡುತ್ತಾರೆ ಎಂದು ಅವಳು ಚುಚ್ಚುವ ಉದ್ದೇಶವಿಲ್ಲದೆಯೇ ಹೇಳಿದಳು. ಆದ್ದರಿಂದಲೇ ಚುಚ್ಚಿತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ. ಆಗಿರಲಿಲ್ಲ.

ಆಮೇಲೆ ಇನ್ನೊಂದು ಶುರುವಾಯಿತು. ಅವರು ಓದಿದ್ದೆಲ್ಲ ತಮಿಳು, ಇಂಗ್ಲಿಷಿನಲ್ಲಿ. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನಗೂ ಅಕ್ಷರ ಕಲಿಸಿ ಎಂದು ಅವಳನ್ನು ಕೇಳಿದರು. ಬುಧವಾರ ಸಂಜೆ ಅವಳು ಕೆಳಗೆ ಹೋಗತೊಡಗಿದಳು. ಹೋಗುವಾಗ ಸೀರೆ ಬದಲಾಯಿಸುತ್ತಾಳೋ ಎಂದು ನಾನು ಗಮನಿಸುತ್ತಿದ್ದೆ. ಬದಲಾಯಿಸುತ್ತಿರಲಿಲ್ಲ. ಅದರಿಂದಲೂ ಸಮಾಧಾನವಾಗಲಿಲ್ಲ, ಅಷ್ಟೊಂದು ಸಲಿಗೆಯೇ ಎನ್ನಿಸಿತು. ಅರುವತ್ತು ದಾಟಿದವನಿಗೆ ಇದೆಂಥ ಹೊಟ್ಟೆಕಿಚ್ಚು ಎಂದು ನನಗೆ ನಾನೇ ಹೇಳಿಕೊಂಡರೂ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು.

ಒಂದು ಬುಧವಾರ ತಡೆಯಲಾಗದೆ, ಅವರ ಮನೆಯಿಂದ ಪ್ರಸಾದ ಬಂದಿದ್ದ ಸ್ಟೀಲ್ ಡಬ್ಬಿಯನ್ನು ನೆಪ ಮಾಡಿಕೊಂಡು ಕೆಳಗಿಳಿದೆ. ಬಾಗಿಲು ತೆಗೆದವರು ಅವರ ಹೆಂಡತಿ. ಪಡಸಾಲೆಯಲ್ಲಿ ಆತ ತಲೆ ಬಗ್ಗಿಸಿಕೊಂಡು 'ಳ' ತಿದ್ದುತ್ತಿದ್ದರು. ನನ್ನ ಹೆಂಡತಿ ನಗುತ್ತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿ ಮತ್ತೆ ಅತ್ತ ತಿರುಗಿದಳು.

ಅವರ ಹೆಂಡತಿ ನನ್ನನ್ನು ಊಟದ ಮೇಜಿನ ಬಳಿ ಕೂರಿಸಿದರು. ಕಾಫಿ ಇಟ್ಟು, ಪಡಸಾಲೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮನೆ ಪೂಟು ಒಂದೇ ಬೆಳಿಗ್ಗೇಲಿ ತೆಗೆದ್ರಂತೆ. ನಮ್ಮ ಅಮ್ಮಂದು ಅಪ್ಪಂದು ಫೋಟೋ ಎಲ್ಲಾ ಹಳೇ ಡಿಸ್ಕಲ್ಲಿ ಹಾಗೇ ಪೂಟ್ಕೊಂಡು ಕೂತಿದೆ. ಎಷ್ಟು ವರ್ಷದಿಂದ ಕೇಳ್ತಾ ಇದೀನಿ. ನಿನಗೆ ತೆರಿಯಾದು, ನಾಳೆ ನೋಡೋಣ ಅಂತಾರೆ."

ನಿನಗೆ ತಿಳಿಯುವುದಿಲ್ಲ, ನಾಳೆ ನೋಡೋಣ. ಆ ಮಾತು ನಾನು ಆಡುವಂಥದೇ. ಆಕೆಯ ಮುಖದಲ್ಲಿದ್ದ ಹೊಟ್ಟೆಕಿಚ್ಚನ್ನು ಆ ದಿನಗಳಲ್ಲಿ ನಾನು ಕನ್ನಡಿಯಲ್ಲಿ ಕಂಡಿದ್ದೆ.

ಡಿಸ್ಕ್ ತನ್ನಿ ಎಂದೆ. ಅವರ ಮನೆಯ ಲ್ಯಾಪ್‌ಟಾಪನ್ನು ಅವರ ಮುಂದೆಯೇ ಇಟ್ಟೆ. ಬಾಗಿಲ ಬಳಿ ನಿಂತು ಕೇಳಿಸಿಕೊಂಡದ್ದನ್ನು ಒಂದೊಂದಾಗಿ ಹೇಳಿದೆ. ಅವರು ತಪ್ಪು ಕಡೆ ಒತ್ತಿದಾಗ ನನ್ನ ಕೈ ತಾನಾಗಿ ಮೇಲೆದ್ದಿತು; ಎಳೆದುಕೊಂಡೆ. ಪರವಾಗಿಲ್ಲ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ನೋಡಿ ಎಂದೆ. ಅಂಥ ಮೆತ್ತಗಿನ ದನಿ ನನ್ನಲ್ಲಿರುವುದು ನನಗೇ ಗೊತ್ತಿರಲಿಲ್ಲ.

ಫೋಲ್ಡರು ತೆರೆಯಿತು. ಆಕೆ ತಿರುವಳ್ಳಿಕ್ಕೇಣಿಯ ಯಾವುದೋ ಮನೆಯ ಜಗಲಿಯಲ್ಲಿ ಕೂತ ದಂಪತಿಗಳ ಚಿತ್ರವನ್ನು ನೋಡುತ್ತ ಕೂತರು. ಪಡಸಾಲೆಯಲ್ಲಿ ನಗು ನಿಂತಿತ್ತು. ಇಬ್ಬರೂ ಬಂದು ನಮ್ಮ ಹಿಂದೆ ನಿಂತಿದ್ದರು.

"ಇದನ್ನ ನಾನೇ ಮಾಡಿಕೊಡ್ತಿದ್ದೆನಲ್ಲ," ಎಂದರು ಆತ.

"ಸಾರ್ ಹೇಳ್ಕೊಟ್ರು, ನಾನೇ ತೆಗೆದೆ," ಎಂದರು ಅವರ ಹೆಂಡತಿ, ಪರದೆಯಿಂದ ಕಣ್ಣು ಕೀಳದೆ.

ಮೆಟ್ಟಿಲು ಹತ್ತುವಾಗ ನನ್ನ ಹೆಂಡತಿ ನಡುವೆ ನಿಂತು, "ಇಷ್ಟು ವರ್ಷದಲ್ಲಿ ನನ್ನ ಕೈಗೆ ಒಂದಿನಾನೂ ಮೌಸ್ ಕೊಟ್ಟೋರಲ್ಲ ನೀವು. ಅವರಿಗೆ ಮಾತ್ರ ಹಾಗೆ ಹೇಳ್ಕೊಡೋಕೆ ಬಂತು," ಎಂದಳು. ಅವಳ ದನಿಯಲ್ಲಿ ಉರಿ ಇತ್ತು. ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಆದರೆ ಒಳಗೊಳಗೆ ಸಂತೋಷವಾಗಿತ್ತು.

ಬುಧವಾರದ ಪಾಠ ನಿಲ್ಲಲಿಲ್ಲ. ನಾನೂ ಆಗಾಗ ಹೋಗುತ್ತೇನೆ, ಆತನ ಹೆಂಡತಿಗೆ ಫೋಟೋಗಳನ್ನು ವರ್ಷವಾರು ಜೋಡಿಸಲು ಹೇಳಿಕೊಡುತ್ತೇನೆ. ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಈಗ ನನ್ನ ಹೆಂಡತಿ ಕೂರುತ್ತಾಳೆ, ಕೇಳಿದರೆ ಮಾತ್ರ ನಾನು ಹತ್ತಿರ ಹೋಗುತ್ತೇನೆ. ಆತನಿಗೂ ನನಗೂ ಸ್ನೇಹವೇನೂ ಬೆಳೆದಿಲ್ಲ. ಆತ ಈಗ ಬೆಳಿಗ್ಗೆ ಬೆಳಿಗ್ಗೆ ಅವಳ ಫೋನಿಗೆ ಕನ್ನಡದಲ್ಲೇ ಸಂದೇಶ ಕಳಿಸುತ್ತಾರೆ. ಅವಳು ಸ್ನಾನಕ್ಕೆ ಹೋದಾಗ ತೆಗೆದು ಓದುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಆ ದಿನ ಕಾಫಿ ಚೆನ್ನಾಗಿ ರುಚಿಸುತ್ತದೆ.