ರಿಬ್ಬನ್ ಮೈಕಿಗೆ ಕಾಕಾ ಊದಿದ್ದು

ಸ್ನೇಹಿತರೇ, ಇವತ್ತು ನೌಬಾದದ ನನ್ನ ಸ್ಟುಡಿಯೋದಲ್ಲಿ ಒಂದು ಕೊಲೆ ನಡೆಯಿತು! ಕರ್ಕಶವಾಗಿ ಗುರುಗುಟ್ಟುವ ಡಿಸ್ಟಾರ್ಷನ್ ಗಿಟಾರು ರೆಕಾರ್ಡಿಂಗಿನಲ್ಲಿ ಕಿವಿ ಕೊರೆಯಬಾರದೆಂದು ಹುಡುಕಿ ಹುಡುಕಿ ರಿಬ್ಬನ್ ಮೈಕು ತರಿಸಿದ್ದೆ. ಒಳಗೆ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳುವಾದ ಲೋಹದ ಪಟ್ಟಿ. ಗಿಟಾರಿನ ಅಬ್ಬರವನ್ನೆಲ್ಲ ತಾಳುತ್ತದೆ, ಆದರೆ ಬಾಯಿಂದ ಊದಿದರೆ ಹರಿದುಹೋಗುತ್ತದೆ. ಗಿಟಾರ್ ನುಡಿಸುವ ಸ್ಯಾಮ್ಯುಯೆಲನ ಜತೆ ಬಂದ ಅವನ ಕಾಕಾ, ಭಾಲ್ಕಿಯ ಸಭೆಗಳ ಖಾಯಂ ನಿರೂಪಕರು, ಮೈಕು ಕಂಡದ್ದೇ ತಡ, "ಫೂ! ಫೂ! ಹಲೋ!" ಎಂದು ಊದಿಯೇಬಿಟ್ಟರು. ಪಟ್ಟಿ ಹರಿದು ಮೈಕು ಅಲ್ಲೇ ಸತ್ತಿತು.

"ಕಾಕಾ, ಏನ್ ಮಾಡಿದ್ರಿ ಇದು!" ಎಂದು ಗುಡುಗಿದೆ.

"ಊದಲಾರ್ದೆ ಮೈಕ್ ಚಾಲೂ ಅದನೋ ಇಲ್ಲೋ ಹ್ಯಾಂಗ ಗೊತ್ತಾಗ್ತದ್ರಿ?"

ಹಲ್ಲು ಕಡಿಯುತ್ತ ಹಳೆಯ ಮೈಕಿನಲ್ಲೇ ಗಿಟಾರ್ ರೆಕಾರ್ಡ್ ಮಾಡಿದೆ. ಕೇಳಿದ ಕಾಕಾ ಕಿವಿ ಮುಚ್ಚಿಕೊಂಡು, "ಭಾಳ ಚುಚ್ಚಲಕತ್ತದ್ರಿ. ಒಂದ್ ಛಲೋ ಮೈಕ್ ತರಬೇಕಿತ್ತು ನೀವು!" ಎಂದರು.

ಅವರು ಇನ್ನೂ ಜೀವಂತವಾಗಿದ್ದಾರೆ. ನನ್ನ ಸಂಸ್ಕಾರಕ್ಕೆ ಒಂದು ಚಪ್ಪಾಳೆ ಹೊಡೆಯಿರಿ!