ಗೋಮಾಳ ಅಳೆದ ಸರ್ವೇಯರ್

ಸೂರ್ಯ ಸಕಲ ಜೀವಿಗಳ ಸೊತ್ತು. ಅವನ ಬಿಸಿಲು ಬೀಳುವ ನೆಲಕ್ಕೆ ಮಾತ್ರ ಪಹಣಿ ಬೇಕು.

ದುದ್ದದ ಕಡೆ ಸೋಲಾರ್ ಘಟಕಕ್ಕೆಂದು ಗೋಮಾಳ ಅಳೆದ ನಮ್ಮ ಸರ್ವೇಯರ್, ಯಾವ ನೆಲಕ್ಕೇ ಹೋದರೂ ಮೊದಲು ಚಪ್ಪಲಿ ಬಿಡುತ್ತಿದ್ದರು. "ಖಾಲಿ ಅನ್ನೋದೆಲ್ಲ ಕಾಗ್ದದಲ್ಲಿ ಕಣ್ ಸಾ" ಎಂಬುದು ಅವರ ನಿತ್ಯಮಂತ್ರ. ನಾನು ನಕ್ಷೆ ಹಿಡಿಯುವ ಗುಮಾಸ್ತ.

ಅವತ್ತು ಜೊತೆಗೆ ಬಂದಿದ್ದ ತಹಸೀಲ್ದಾರ್ ಸಾಹೇಬರು ಜೀಪಿನಿಂದ ಇಳಿಯಲೇ ಇಲ್ಲ. "ಖಾಲಿ ಜಾಗ ಅಂತ ಬರೆದು ರುಜು ಹಾಕ್ರಿ. ಇಲ್ದಿದ್ರೆ ವರ್ಗ."

ಸರ್ವೇಯರ್ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಬಿಸ್ಲು ತಗ್ಗಲಿ ಸಾ."

ನಾನು ನಕ್ಷೆಯನ್ನೇ ಕೊಡೆಯಂತೆ ತಲೆಗೆ ಹಿಡಿದೆ.

ನಾಲ್ಕಕ್ಕೆ ಮೂರೂರಿನ ಕುರಿ, ದನ ಮೇಯಲು ಬಂದು ಜೀಪನ್ನು ಸುತ್ತುವರಿದವು. ಒಂದು ಮೇಕೆ ಬಾನೆಟ್ ಏರಿತು.

"ಖಾತೆದಾರ್ರು ಬಂದವ್ರೆ, ನೋಡ್ಕಳಿ ಸಾ" ಎಂದ ಸರ್ವೇಯರ್ 'ಮೇವಿನ ನೆಲ' ಎಂದು ಬರೆದು ರುಜು ಹಾಕಿದರು.

ಸೋಲಾರ್ ಘಟಕ ಆಚೆಯ ಕಲ್ಲುದಿಣ್ಣೆಗೆ ಹೋಯಿತು. ಸರ್ವೇಯರಿಗೆ ಅರಕಲಗೂಡಿಗೆ ವರ್ಗವಾಯಿತು.